ಮೊದಲ ತೊಟ್ಟಿಯ ನೀರು

ಸೆಲೆಸ್ಟೀನ್ ರುಡಾಳಿಗೆ ಎಲ್ಲಕ್ಕಿಂತ ಮೊದಲು ಹೇಸಿಗೆಯಾದದ್ದು ಚಡ್ಡಿ ನೋಡಿ. ಕೂರುವ ಜಾಗಕ್ಕೆ ದಪ್ಪ ಮೆತ್ತೆ ಹೊಲಿದ ಕಪ್ಪು ಚಡ್ಡಿ ಅದು. ಮಗುವಿಗೆ ಕಟ್ಟಿದ ಬಟ್ಟೆ ಒದ್ದೆಯಾಗಿ ಜೋತುಬಿದ್ದ ಹಾಗೆ ಕಾಣುತ್ತಿತ್ತು. ಅದರೊಳಗೆ ಬೇರೇನೂ ತೊಡಬಾರದಂತೆ. ಜೊತೆಗೊಂದು ಮುಲಾಮಿನ ಡಬ್ಬಿ. "ತೊಡೆಸಂದಿಗೆ ಚೆನ್ನಾಗಿ ಹಚ್ಕೊಳ್ಳಿ, ಉಜ್ಜಿ ಗಾಯ ಆಗಲ್ಲ," ಎಂದು ಸೈಕಲ್ ಪ್ರವಾಸ ನಡೆಸುವ ಯಾನಿಕ್ ಎಲ್ಲರೆದುರಿಗೆ ಹೇಳಿದ. ಆಂಟ್ವರ್ಪ್‌ನಿಂದ ಬಂದಿದ್ದ ದಂತವೈದ್ಯ ಡಬ್ಬಿಗೆ ಎರಡು ಬೆರಳು ಅದ್ದಿ, ಅದನ್ನು ಹಾಗೇ ಅವಳ ಕಡೆಗೆ ಚಾಚಿದ.

"ನಂಗೆ ಬೇಡ," ಎಂದಳು ಸೆಲೆಸ್ಟೀನ್. "ಮೂವತ್ತು ವರ್ಷ ಸೈಕಲ್ ಮೇಲೆ ಟಪಾಲು ಹಂಚಿದೀನಿ. ಒಂದಿನಾನೂ ಬೆಣ್ಣೆ ಹಚ್ಕೊಂಡು ಹೋಗಿದ್ದಿಲ್ಲ."

ದಂತವೈದ್ಯ ನಕ್ಕ. ಅವನಿಗೆ ಎಲ್ಲದಕ್ಕೂ ನಗು. ಅವನ ಹಲ್ಲುಗಳು ಅಷ್ಟು ಬೆಳ್ಳಗೆ, ಅಷ್ಟು ಸಮನಾಗಿದ್ದವು ಎಂದರೆ, ಸೆಲೆಸ್ಟೀನಳಿಗೆ ಅವನ ಬಾಯಿ ನೋಡಿದಾಗಲೆಲ್ಲ ಆಸ್ಪತ್ರೆಯ ಶೌಚಾಲಯದ ಗೋಡೆ ನೆನಪಾಗುತ್ತಿತ್ತು.

ಅವಳು ಬೆಟ್ಟದ ಕಣಿವೆಯ ಪ್ರಲೋವಿ ಊರಿನವಳು. ಟಪಾಲಿನ ಕೆಲಸದಿಂದ ನಿವೃತ್ತಳಾಗಿದ್ದಳು, ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಯಾರಾದರೂ ಕೇಳಿದರೆ, ಈ ಊರಿನ ಗಂಡಸರಿಗೆ ಬಂದ ಕಾಗದಗಳನ್ನೆಲ್ಲ ನಾನೇ ಹಂಚಿದ್ದಲ್ಲವೆ, ಅದಕ್ಕೇ ಎನ್ನುತ್ತಿದ್ದಳು. ಮನೆಯಲ್ಲಿ ಅವಳ ಜೊತೆಗಿದ್ದದ್ದು ಎರಡು ಹಸು. ನಮ್ಮ ಕಣಿವೆಯ ಜಾತಿ: ಕಪ್ಪು, ಗಿಡ್ಡ, ಜಗಳಗಂಟಿ. ಅವುಗಳಲ್ಲಿ ದೊಡ್ಡದರ ಹೆಸರು ಬರೋನ್. ವಸಂತದಲ್ಲಿ ನಡೆಯುವ ಹಸುಗಳ ಕಾಳಗದಲ್ಲಿ ಒಮ್ಮೆ ಗೆದ್ದು ರಾಣಿಯಾಗಿ ಕೊರಳಿಗೆ ದೊಡ್ಡ ಗಂಟೆ ಕಟ್ಟಿಸಿಕೊಂಡವಳು. ಆ ಕಾಳಗದಲ್ಲಿ ಹರಿದ ಅವಳ ಎಡಗಿವಿಯನ್ನು ಸೆಲೆಸ್ಟೀನ್ ತಾನೇ ಸೂಜಿ ದಾರ ಹಿಡಿದು ಹೊಲಿದಿದ್ದಳು.

ಬೇಸಿಗೆಯಲ್ಲಿ ಊರಿನ ಹಸುಗಳೆಲ್ಲ ಮೇಲೆ ತೊರಾಂ ಹುಲ್ಲುಗಾವಲಿಗೆ ಹೋಗುತ್ತವೆ. ತೊರಾಂ ಯಾರೊಬ್ಬರದೂ ಅಲ್ಲ, ಹಳೆಯ ಕೆಲವು ಮನೆತನಗಳ ಒಟ್ಟು ಪಾಲು. ಅಲ್ಲಿ ಲಾರ್ಚ್ ಮರದ ದಿಮ್ಮಿ ಕೊರೆದು ಮಾಡಿದ ಮೂರು ತೊಟ್ಟಿಗಳು ಇಳಿಜಾರಿನಲ್ಲಿ ಒಂದರ ಕೆಳಗೊಂದು ಇವೆ. ಬುಗ್ಗೆಯ ನೀರು ಬೀಳುವುದು ಮೊದಲನೆಯದಕ್ಕೆ. ಅದು ಮನುಷ್ಯರಿಗೆ ಮತ್ತು ಚೀಸ್ ಕೆಲಸಕ್ಕೆ. ಅಲ್ಲಿಂದ ತುಂಬಿ ಹರಿದದ್ದು ಎರಡನೆಯದಕ್ಕೆ, ಅದು ಹಸುಗಳಿಗೆ. ಮೂರನೆಯದು ಬಟ್ಟೆ, ಪಾತ್ರೆ, ಸಗಣಿ ಮೆತ್ತಿದ ಬೂಟುಗಳಿಗೆ. ಈ ಊರಿನ ಮಗುವಿಗೆ ಶಿಲುಬೆಯ ಗುರುತು ಹಾಕಿಕೊಳ್ಳುವುದನ್ನು ಕಲಿಸುವುದಕ್ಕೂ ಮೊದಲು ಯಾವ ತೊಟ್ಟಿಗೆ ಕೈ ಹಾಕಬಾರದು ಎಂದು ಕಲಿಸುತ್ತಾರೆ.

ಬೇಸಿಗೆಯ ನಡುವೆ ಒಂದು ಭಾನುವಾರ, ಪೂಜೆ ಮುಗಿದ ಮೇಲೆ ಪಾಲುದಾರರ ಸಭೆ. ಅಲ್ಲಿ ವೈನ್ ತೆಗೆಯುವುದಕ್ಕೆ ಮೊದಲು ತೊರಾಂನ ಮೊದಲ ತೊಟ್ಟಿಯ ನೀರನ್ನು ಒಂದೇ ಮರದ ಬಟ್ಟಲಿನಲ್ಲಿ ಎಲ್ಲರೂ ಒಂದೊಂದು ಗುಟುಕು ಕುಡಿಯಬೇಕು. ಬುಗ್ಗೆಯ ಧಾರೆಯಿಂದ ಹಿಡಿದ ನೀರು ನಡೆಯುವುದಿಲ್ಲ, ತೊಟ್ಟಿಯಿಂದಲೇ ಮೊಗೆದದ್ದಾಗಬೇಕು. ತೊಟ್ಟಿಯನ್ನು ಚೊಕ್ಕಟವಾಗಿ ಇಟ್ಟಿದ್ದೇನೆ ಎಂದು ಹುಲ್ಲುಗಾವಲಿನ ಯಜಮಾನ ಆಣೆ ಮಾಡುವ ಬಗೆ ಅದು. ನೀರು ತಂದವನೇ ಯಜಮಾನ ಎಂಬ ಮಾತೂ ಅದರ ಜೊತೆಗೇ ಬಂದದ್ದು. ಎಷ್ಟೋ ವರ್ಷಗಳಿಂದ ನೀರು ತರುತ್ತಿದ್ದವನು ಸೆಲೆಸ್ಟೀನಳ ದೊಡ್ಡಪ್ಪನ ಮಗ ಪ್ರೊಸ್ಪೇರ್. ಹೋದ ವರ್ಷ ಆ ನೀರಿಗೆ ಏನೋ ಔಷಧಿಯ ವಾಸನೆ ಇತ್ತು. ವಯಸ್ಸಾಯಿತು, ನಾಲಿಗೆ ಕೆಟ್ಟಿದೆ ಎಂದುಕೊಂಡು ಸೆಲೆಸ್ಟೀನ್ ಸುಮ್ಮನಿದ್ದಳು.

ಈ ವರ್ಷ ಸಭೆಯ ಮುಂದೆ ಒಂದು ದೊಡ್ಡ ಪ್ರಶ್ನೆಯಿತ್ತು. ಬಯಲುಸೀಮೆಯಿಂದ ಬಂದು ಪ್ರಲೋವಿಯಲ್ಲಿ ನೆಲೆ ನಿಂತಿದ್ದ ಯಾನಿಕ್, ಮೇಲಿನ ಕಣಿವೆಬಾಯಿಯಿಂದ ತೊರಾಂ ನಡುವೆ ಹಾದು ಊರಿಗೆ ಇಳಿಯುವ ಸೈಕಲ್ ದಾರಿಗೆ ಹಕ್ಕು ಕೇಳಿದ್ದ. ಪಾಲುದಾರರಲ್ಲಿ ಅರ್ಧ ಜನ ಕೊಡೋಣ ಎಂದರು, ಅರ್ಧ ಜನ ಕೂಡದು ಎಂದರು. ಕೂಡದು ಎನ್ನುವವರ ಮುಂದಾಳು ಪ್ರೊಸ್ಪೇರ್. ಕಾಫಿ ಅಂಗಡಿಯಲ್ಲಿ ಅವನು ಮೇಜು ಗುದ್ದಿ ಗುದ್ದಿ, "ಆ ಗಾಲಿ ಜನ ನಮ್ಮ ಹುಲ್ಲಿನ ಮೇಲೆ ಕಾಲಿಟ್ರೆ ನನ್ನ ಹೆಣದ ಮೇಲೆ ಇಟ್ಟ ಹಾಗೆ," ಎನ್ನುತ್ತಿದ್ದ. ಎರಡೂ ಕಡೆ ಸಮಸಮ. ಇನ್ನೂ ಬಾಯಿ ಬಿಡದೆ ಇದ್ದವಳು ಸೆಲೆಸ್ಟೀನ್ ಒಬ್ಬಳೇ. ಮನಸ್ಸಿನಲ್ಲಿ ಅವಳೂ ಕೂಡದು ಎನ್ನುವವಳೇ. ಆದರೆ ಪ್ರೊಸ್ಪೇರ್ ಹೇಳಿದ್ದಕ್ಕೆ ತಲೆಯಾಡಿಸುವುದು ಅವಳ ಜಾಯಮಾನವಲ್ಲ.

ಇದನ್ನು ಯಾನಿಕ್ ಮೂಸಿ ಹಿಡಿದ. ಒಂದು ಸಂಜೆ ಅವಳ ಮೇಜಿಗೆ ಬಂದು ಕೂತ.

"ಮದಾಮ್ ರುಡಾ, ನೋಡ್ದೇ ಬೇಡ ಅನ್ನೋದು ನ್ಯಾಯಾನಾ? ಮೂರು ದಿನ ನಮ್ಮ ಪ್ರವಾಸಕ್ಕೆ ಬನ್ನಿ, ಉಳಿದ ಗಿರಾಕಿಗಳ ಹಾಗೇ. ಸೈಕಲ್ ನಂದು, ಊಟ ನಂದು. ಭಾನುವಾರ ನಿಮಗೆ ಏನನ್ಸುತ್ತೋ ಹಾಗೆ ಕೈ ಎತ್ತಿ."

ಪಕ್ಕದ ಮೇಜಿನಿಂದ ಪ್ರೊಸ್ಪೇರ್ ಕಿಸಕ್ಕನೆ ನಕ್ಕ. "ಹೋಗೇ ಹೋಗು. ಈ ವಯಸ್ಸಲ್ಲಿ ಬಿಗಿ ಚಡ್ಡಿ ಹಾಕ್ಕೊಂಡು ಕುಣಿ. ಹಸುಗಳಿಗೂ ಸ್ವಲ್ಪ ಮೋಜಾಗ್ಲಿ."

ಅವನು ಹಾಗೆ ಹೇಳದಿದ್ದರೆ ಅವಳು ಹೋಗುತ್ತಿರಲಿಲ್ಲ.

ಹೀಗೆ ಚಡ್ಡಿ ಬಂತು. ಚಡ್ಡಿಯ ಹಿಂದೆ ಹೆಲ್ಮೆಟ್ ಬಂತು, ಯಾರೋ ಹಿಂದಿನ ವಾರ ಹಾಕಿ ಬೆವರು ಸುರಿಸಿದ್ದ ಅದರ ಒಳಮೆತ್ತೆ ಇನ್ನೂ ಹುಳಿವಾಸನೆ ಹೊಡೆಯುತ್ತಿತ್ತು. ಊಟ ಹೊಟೇಲಿನಲ್ಲಿ. ಸುಡುಬಿಸಿಲಿನ ಮಧ್ಯಾಹ್ನ ಗಿರಾಕಿಗಳು ಕರಗಿದ ಚೀಸ್‌ಗೆ ಬ್ರೆಡ್ಡು ಅದ್ದಿ ಅದ್ದಿ ತಿಂದು, ಅದರ ಮೇಲೆ ತಣ್ಣನೆಯ ಬಿಯರ್ ಸುರಿದುಕೊಂಡರು. ಹೊಟ್ಟೆಯೊಳಗೆ ಅದು ಗಟ್ಟಿ ಉಂಡೆಯಾಗಿ ಕೂರುತ್ತದೆ ಎಂದು ಇಲ್ಲಿನ ಕೂಸಿಗೂ ಗೊತ್ತು. ಸೆಲೆಸ್ಟೀನ್ ಮುಖ ತಿರುಗಿಸಿಕೊಂಡು ತನ್ನ ರೈ ಬ್ರೆಡ್ಡು, ಒಣಮಾಂಸ ಕಚ್ಚಿದಳು. ದಾರಿಯಲ್ಲಿ ನಿಂತಲ್ಲೆಲ್ಲ ಅವರು ಟೂತ್‌ಪೇಸ್ಟಿನಂಥ ಟ್ಯೂಬು ಹಿಂಡಿ ಏನೋ ಸಿಹಿ ಲೋಳೆ ನುಂಗುತ್ತಿದ್ದರು. ಖಾಲಿ ಟ್ಯೂಬನ್ನು ಚಡ್ಡಿಯ ಅಂಚಿಗೆ ಸಿಕ್ಕಿಸಿದಾಗ ಅದು ತೊಡೆಯ ಮೇಲೆ ಅಂಟಂಟಾಗಿ ಇಳಿಯುತ್ತಿತ್ತು. ಝೂರಿಕ್‌ನಿಂದ ಬಂದ ಗಂಡಹೆಂಡತಿ ಬೆಟ್ಟ ನೋಡುತ್ತಲೇ ಇರಲಿಲ್ಲ. ಕೈಗಡಿಯಾರ ನೋಡುತ್ತಿದ್ದರು. ಎದೆ ಎಷ್ಟು ಬಡಿಯಿತು ಎಂದು ಒಬ್ಬರಿಗೊಬ್ಬರು ಓದಿ ಹೇಳುತ್ತಿದ್ದರು. ಯಾನಿಕ್ ಶಿಶುವಿಹಾರದ ಮೇಡಂ ಹಾಗೆ ಚಪ್ಪಾಳೆ ತಟ್ಟಿ, "ಶಹಬಾಸ್ ಮಕ್ಕಳಾ," ಎನ್ನುತ್ತಿದ್ದ. ದೊಡ್ಡ ದೊಡ್ಡ ಕೆಲಸದಲ್ಲಿರುವ ಜನ ಅದಕ್ಕೆ ಹಿಗ್ಗುತ್ತಿದ್ದರು. ಇಷ್ಟು ಅಸಹ್ಯವನ್ನು ಒಂದೇ ಕಡೆ ಅವಳು ಎಂದೂ ಕಂಡಿರಲಿಲ್ಲ.

ಇನ್ನೊಂದು ಸಂಗತಿ ಅವಳು ಯಾರಿಗೂ ಹೇಳಲಿಲ್ಲ. ಎರಡನೆಯ ದಿನ ಕಾಡಿನ ಇಳಿಜಾರಿನಲ್ಲಿ, ಒಂದು ಕಾಲದಲ್ಲಿ ಟಪಾಲಿನ ಚೀಲ ಹೊತ್ತು ಮಂಡಿ ಸವೆಸಿದ ಅದೇ ದಾರಿಯಲ್ಲಿ, ಯಾನಿಕ್ ಹೇಳಿದಂತೆ ಅವಳು ಸೀಟಿನಿಂದ ಎದ್ದು ನಿಂತು ಬ್ರೇಕಿನ ಬೆರಳು ಸಡಿಲ ಬಿಟ್ಟಳು. ಗಾಲಿಗಳು ಬೇರುಗಳ ಮೇಲೆ ಜಾರಿ ಹಾರಿದವು. ಹೊಟ್ಟೆ ಗಂಟಲಿಗೆ ಬಂತು. ಗಾಳಿ ಕಿವಿಯಲ್ಲಿ ಹರಿಯಿತು. ತಿರುವಿನಲ್ಲಿ ಅವಳ ಬಾಯಿಂದ ಒಂದು ಕೂಗು ಹೊರಟಿತು, ಹುಡುಗಿಯ ಕೂಗು. ಕೆಳಗೆ ಬಂದು ನಿಂತಾಗ, ಮತ್ತೊಮ್ಮೆ ಮೇಲೆ ಹೋಗೋಣವೇ ಎಂದು ಕೇಳಲು ಬಾಯಿ ತೆರೆದವಳು ತಡೆದುಕೊಂಡಳು. ಥೂ ನಿನ್ನ, ಎಂದು ತನ್ನನ್ನೇ ಬೈದುಕೊಂಡಳು. ಆ ಚಡ್ಡಿಗಿಂತ, ಆ ಲೋಳೆಗಿಂತ ತನ್ನ ಈ ಖುಷಿಯೇ ಅವಳಿಗೆ ಹೆಚ್ಚು ಹೇಸಿಗೆಯಾಯಿತು.

ಅದೇ ಸಂಜೆ ಝೂರಿಕ್‌ನ ಗಂಡ ಗಡಿಯಾರ ನೋಡುತ್ತ ಕಲ್ಲಿಗೆ ಹೊಡೆದು ಹೆಗಲಿನ ಮೂಳೆ ಮುರಿದುಕೊಂಡ. ಮರುದಿನ ಯಾನಿಕ್ ಅವನನ್ನು ಸಿಯೋಂ ಪೇಟೆಯ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು, ಹೆಂಡತಿಯೂ ಜೊತೆಗೆ ಹೋದಳು. ಉಳಿದ ಗಿರಾಕಿಗಳಿಗೆ ದಾರಿ ತೋರಿಸಲು ಬಂದವಳು ಎನೋರಾ. ಬ್ರಿಟ್ಟನಿಯ ಕಡಲತೀರದ ಹುಡುಗಿ, ಬೇಸಿಗೆಗೆ ಮಾತ್ರ ಕೆಲಸಕ್ಕೆ ಸೇರಿದ್ದಳು. ಸೆಲೆಸ್ಟೀನ್ ಯಾರೆಂದು ಹೊರಡುವ ಅವಸರದಲ್ಲಿ ಯಾನಿಕ್ ಅವಳಿಗೆ ಹೇಳಿರಲಿಲ್ಲ.

"ಇವತ್ತು ಎಂದಿನ ದಾರೀಲಿ ಹೋಗೋಣ," ಎಂದಳು ಎನೋರಾ. "ಮೇಲಿಂದ ತೊರಾಂಗೆ ಇಳಿಯೋದು. ಅಲ್ಲೇ ಊಟ."

ಸೆಲೆಸ್ಟೀನಳ ಕಿವಿ ನೆಟ್ಟಗಾಯಿತು. "ಎಂದಿನ ದಾರಿ? ತೊರಾಂಗೆ ಸೈಕಲ್ ಹೋಗೋ ಹಾಗಿಲ್ವಲ್ಲ."

"ಯಾರು ಹೇಳಿದ್ದು ಮದಾಮ್? ಬೇಸಿಗೆ ಶುರುವಾದಾಗಿಂದ ಹೋಗ್ತಾನೇ ಇದೀವಿ. ಯಜಮಾನರಿಗೂ ಯಾನಿಕ್‌ಗೂ ಹೋದ ವರ್ಷದಿಂದ್ಲೇ ಒಪ್ಪಂದ ಇದೆಯಂತೆ. ಒಳ್ಳೇ ಮುದುಕಪ್ಪ. ಕೈಗೆ ದುಡ್ಡು ಕೊಟ್ರೆ ಸಾಕು, ಇನ್ನೇನೂ ಕೇಳಲ್ಲ."

ಸೆಲೆಸ್ಟೀನ್ ಹೆಲ್ಮೆಟ್ ಬಿಗಿದಳು, ದೊಡ್ಡ ಕಪ್ಪು ಕನ್ನಡಕ ಏರಿಸಿದಳು, ಧೂಳಿಗೆಂದು ಕೊಟ್ಟಿದ್ದ ಬಟ್ಟೆಯನ್ನು ಮೂಗಿನವರೆಗೆ ಎಳೆದುಕೊಂಡಳು.

ಹಿಂದಿನ ರಾತ್ರಿಯ ಮಳೆಗೆ ದಾರಿಯೆಲ್ಲ ಕೆಸರಾಗಿತ್ತು. ಕಣಿವೆಬಾಯಿಯಿಂದ ಇಳಿಯುವಾಗ ಸಿಟ್ಟಿನಲ್ಲೋ ಸುಖದಲ್ಲೋ ಅವಳು ದಂತವೈದ್ಯನನ್ನೂ ಹಿಂದೆ ಹಾಕಿದಳು. ತಿರುವಿನಾಚೆ ದಾರಿಗೆ ಅಡ್ಡವಾಗಿ ಕಪ್ಪು ಕಪ್ಪಾಗಿ ಏನೋ. ಅವಳು ಗಂಟೆ ಬಾರಿಸಿದಳು, ಕಿರುಚಿದಳು. ಕಪ್ಪು ಗುಂಪು ಬೆದರಿ ದಿಕ್ಕಾಪಾಲಾಯಿತು. ಒಂದು ಮಾತ್ರ ಕದಲದೆ ನಿಂತು ಅವಳನ್ನೇ ನೋಡಿತು. "ತೊಲಗು ದರಿದ್ರದ್ದೇ," ಎಂದು ಕೂಗಿ ಅವಳು ಅದರ ಮೂತಿ ಸವರಿಕೊಂಡೇ ಹಾದುಹೋದಳು.

ತೊರಾಂನ ಗುಡಿಸಿಲಿನ ಮುಂದೆ ಪ್ರೊಸ್ಪೇರ್ ನಿಂತಿದ್ದ. ಕೊರಳಿಗೆ ಕಸೂತಿ ಹಾಕಿದ, ಹಳೇ ಕಾಲದ ದನಗಾಹಿಗಳ ನೀಲಿ ಅಂಗಿ, ತಲೆಗೆ ಕಪ್ಪು ಟೋಪಿ. ಆ ಅಂಗಿಯನ್ನು ಅವನು ಸ್ವಂತ ಮಗಳ ಮದುವೆಗೂ ಹಾಕಿರಲಿಲ್ಲ, ಚುಚ್ಚುತ್ತದೆ ಎಂದಿದ್ದ.

"ಬಂದ್ಯಾ ಎನೋರಾ? ತಡ ಮಾಡ್ದೆ. ಬನ್ನಿ ಬನ್ನಿ ಎಲ್ರೂ. ಮೊದ್ಲು ಸೈಕಲ್ ತೊಳ್ಕೊಳ್ಳಿ, ಆಮೇಲೆ ಊಟ."

ತೊಟ್ಟಿಯ ಪಕ್ಕದ ಕಂಬಕ್ಕೆ ಬ್ರಶ್ಶುಗಳನ್ನು ನೇತುಹಾಕಿದ್ದರು. ಜೊತೆಗೊಂದು ಹಸಿರು ಸೋಪಿನ ಬಾಟಲಿ. ಮೂರನೆಯ ತೊಟ್ಟಿಯ ಹತ್ತಿರವಲ್ಲ, ಮೊದಲನೆಯದರ ಹತ್ತಿರ. ದಂತವೈದ್ಯ ತನ್ನ ಸೈಕಲ್ಲನ್ನು ಎತ್ತಿ ಮುಂದಿನ ಗಾಲಿಯನ್ನು ಅದರೊಳಗೆ ಇಳಿಬಿಟ್ಟ. ಕೆಸರು ಹೊಗೆಯ ಹಾಗೆ ನೀರಿನಲ್ಲಿ ಹರಡಿತು. ಸರಪಳಿ ಉಜ್ಜಿದಾಗ ಕಪ್ಪು ಎಣ್ಣೆ ಹರಿದು, ನೀರಿನ ಮೇಲೆ ಬಣ್ಣಬಣ್ಣದ ಕೆನೆ ಕಟ್ಟಿತು. ಮರದ ಅಂಚಿಗೆ ಆಗಲೇ ಬೆರಳ ದಪ್ಪ ಜಿಡ್ಡು ಕಟ್ಟಿತ್ತು, ಅದರಲ್ಲಿ ನೊಣ ಸತ್ತು ಅಂಟಿದ್ದವು. ಬೇಸಿಗೆಯಲ್ಲಿ ಬುಗ್ಗೆಯ ಧಾರೆ ಕಿರುಬೆರಳಿನಷ್ಟು. ಆ ಕೊಳೆಯನ್ನು ಕೊಚ್ಚಿಕೊಂಡು ಹೋಗುವ ಕಸುವು ಅದಕ್ಕಿರಲಿಲ್ಲ. ಅದು ತೊಟ್ಟುತೊಟ್ಟಾಗಿ ಎರಡನೆಯ ತೊಟ್ಟಿಗೆ ಇಳಿಯುತ್ತಿತ್ತು, ಹಸುಗಳ ತೊಟ್ಟಿಗೆ.

"ಕೆಳಗೆ ಇನ್ನೂ ಎರಡಿವೆಯಲ್ಲ," ಎಂದಳು ಸೆಲೆಸ್ಟೀನ್, ಬಟ್ಟೆಯೊಳಗಿಂದ, ಸಣ್ಣ ದನಿಯಲ್ಲಿ.

"ಅವು ಕೊಳಕು ಮದಾಮ್. ಇದ್ರಲ್ಲಿ ನೀರು ಶುದ್ಧ," ಎಂದಳು ಎನೋರಾ, ಮುಗ್ಧವಾಗಿ. "ಕೊಡಿ, ನಿಮ್ಮದನ್ನ ನಾನೇ ತೊಳೀತೀನಿ."

ಸೆಲೆಸ್ಟೀನ್ ಬೇಡ ಎನ್ನಬೇಕಿತ್ತು. ಎಲ್ಲವನ್ನೂ ಕೊನೆಯವರೆಗೆ ನೋಡಿಯೇ ಬಿಡುತ್ತೇನೆ ಎಂಬ ಹಟದಲ್ಲಿ ಸುಮ್ಮನೆ ನಿಂತಳು. ಅವಳ ಕಣ್ಣೆದುರೇ ಅವಳ ಸೈಕಲ್ಲಿನ ಕೆಸರೂ ಆ ನೀರಿಗೆ ಬಿತ್ತು.

ಊಟಕ್ಕೆ ಕೂತಾಗ ಪ್ರೊಸ್ಪೇರ್ ಚೀಸ್ ಕೊಯ್ದು ಹಂಚಿದ. ನಮ್ಮ ಹಾಲು, ನಮ್ಮ ಕೈ, ನಮ್ಮ ಅಜ್ಜನ ಕಾಲದ ಕಡಾಯಿ ಎಂದ. ಅವನ ಹಿಂದೆ ಅರ್ಧ ತೆರೆದ ಬಾಗಿಲಿನಿಂದ, ಪೇಟೆಯ ಕಾರ್ಖಾನೆಯ ಪ್ಲಾಸ್ಟಿಕ್ ಸುತ್ತು ನೆಲದ ಮೇಲೆ ಬಿದ್ದದ್ದು ಕಾಣುತ್ತಿತ್ತು. ಆಮೇಲೆ ಅಜ್ಜನ ಕಥೆ ಬಂತು. ಹಿಮದಲ್ಲಿ ಕರುವನ್ನು ಉಳಿಸಲು ಹೋಗಿ ತೋಳಗಳ ಬಾಯಿಗೆ ಬಿದ್ದ ಅಜ್ಜ. ಅವನ ಅಜ್ಜನೆಂದರೆ ಅವಳ ಅಜ್ಜನೂ ಹೌದು. ಆತ ಸತ್ತದ್ದು ಹಾಸಿಗೆಯಲ್ಲಿ, ಮಲಬದ್ಧತೆಯಿಂದ, ವಾರಗಟ್ಟಲೆ ನರಳಿ. ಕೊನೆಯಲ್ಲಿ ಪ್ರೊಸ್ಪೇರ್ ಬೆರಳ ತುದಿಯಿಂದ ಕಣ್ಣು ಒರೆಸಿಕೊಂಡ. ದಂತವೈದ್ಯನಿಗೆ ನಿಜಕ್ಕೂ ಕಣ್ಣೀರು ಬಂತು.

ಪ್ರೊಸ್ಪೇರ್ ಹಾಲಿನ ಬಟ್ಟಲು ಹಿಡಿದು ಅವಳ ಮುಂದೆ ಬಾಗಿದ. "ತಾವು ಎಲ್ಲಿಯವರು ಮದಾಮ್? ಮುಖ ತುಂಬ ಕೆಸರು, ಪಾಪ. ಕುಡೀರಿ ಕುಡೀರಿ. ನಿಮ್ಮ ಕಡೆ ಇಂಥ ಹಾಲು ಕಂಡಿರ್ಲಿಕ್ಕಿಲ್ಲ."

ಯಾನಿಕ್ ಸೆಲೆಸ್ಟೀನಳನ್ನು ಇತ್ತ ಕರೆತರುವುದಿಲ್ಲ ಎಂಬ ಧೈರ್ಯ ಅವನಿಗೆ. ಒಂದೇ ತೊಟ್ಟಿಲಲ್ಲಿ ಸರದಿಯಂತೆ ಬೆಳೆದವನು ಅವಳಿಗೆ ತಾವು ಎಂದ. ಅವಳು ತಲೆಯಲ್ಲಾಡಿಸಿ ಎದ್ದು ಗುಡಿಸಿಲಿನ ಹಿಂದಕ್ಕೆ ಹೋದಳು. ಅಲ್ಲಿ, ಬೇಲಿಯ ಹತ್ತಿರ, ಬೆದರಿದ ಹಸುಗಳು ಮತ್ತೆ ಗುಂಪುಗೂಡಿದ್ದವು. ಅವುಗಳ ನಡುವೆ ಮೂತಿಯ ಮೇಲೆ ಕೆಸರಿನ ಗೀಟು ಬಿದ್ದ ಹಸುವೊಂದು ನಿಂತಿತ್ತು. ಅದರ ಎಡಗಿವಿಯಲ್ಲಿ ಹೊಲಿಗೆಯ ಗುರುತು.

ಅವಳು ಕೈ ಚಾಚಿ, "ಬರೋನ್," ಎಂದು ಕರೆದಳು. ಹಸು ಹೆಲ್ಮೆಟ್ಟನ್ನೂ ಕನ್ನಡಕವನ್ನೂ ನೋಡಿ ಮೂಸಿ ಹಿಂದಕ್ಕೆ ಸರಿಯಿತು. ಪ್ರೊಸ್ಪೇರ್ ತನ್ನನ್ನು ಗುರುತಿಸದಿದ್ದದ್ದಕ್ಕೆ ಅವಳಿಗೆ ಬಂದದ್ದು ಸಿಟ್ಟು. ತಾನು ತನ್ನ ಹಸುವನ್ನು ಗುರುತಿಸದೆ ದರಿದ್ರದ್ದೇ ಎಂದದ್ದಕ್ಕೆ ಬಂದದ್ದು ಬೇರೆ. ಅವಳು ಕನ್ನಡಕ ಕಿತ್ತು, ಬಾಯಿಗೆ ಕಟ್ಟಿದ್ದ ಬಟ್ಟೆಯನ್ನು ಬೇಲಿಯಾಚೆ ಎಸೆದು, ಅಲ್ಲೇ ನಿಂತು ಅತ್ತಳು.

ಆ ಇಡೀ ದಿನ, ಮರುದಿನವೂ ಅವಳು ಅದನ್ನೇ ಮೆಲುಕು ಹಾಕಿದಳು. ಕೂಡದು ಎಂದು ಕೈ ಎತ್ತಿದರೆ ಪ್ರೊಸ್ಪೇರ್ ಗೆದ್ದ, ಅವನ ಗುಟ್ಟಿನ ಅಂಗಡಿ ಹೀಗೇ ನಡೆಯುತ್ತದೆ. ಕೊಡೋಣ ಎಂದು ಎತ್ತಿದರೆ ಯಾನಿಕ್ ಅವನಿಗೆ ಕೈಬಿಸಿ ಮಾಡಬೇಕಾಗಿಲ್ಲ, ಬೇಸಿಗೆಯಿಡೀ ಗಾಲಿಗಳು ಧಾರಾಳವಾಗಿ ಇಳಿಯುತ್ತವೆ. ಅವರಿಬ್ಬರೂ ಒಂದೇ ತಟ್ಟೆಯಲ್ಲಿ ಉಂಡು ಊರಿನ ಮುಂದೆ ಜಗಳದ ನಾಟಕ ಆಡುತ್ತಿದ್ದರು. ಊರಿನ ಉಳಿದವರೆಲ್ಲ ಕೆಳಗೆ ಹುಲ್ಲು ಕೊಯ್ಯುವುದರಲ್ಲಿ ಮುಳುಗಿದ್ದರು, ಮೇಲೆ ಹತ್ತಿ ನೋಡಿದವರಿಲ್ಲ. ಅವಳೂ ಮಂಡಿನೋವು ಎಂದು ಹತ್ತಿರಲಿಲ್ಲ. ತಿನ್ನುವುದರಲ್ಲೆಲ್ಲ ಹುಳ ಕಂಡವಳಂತೆ ಅವಳು ಊಟ ಬಿಟ್ಟಳು.

ಭಾನುವಾರ ಬೆಳಗಾಗುತ್ತಲೇ ಅವಳು ಹಾಲಿನ ಕ್ಯಾನ್ ಹಿಡಿದು ನಡೆದೇ ತೊರಾಂಗೆ ಹೊರಟಳು. ಮಂಡಿ ಪ್ರತಿ ಹೆಜ್ಜೆಗೂ ಬೈಯಿತು. ಮೊದಲ ತೊಟ್ಟಿಯಲ್ಲಿ ಕ್ಯಾನ್ ಅದ್ದಿ ತುಂಬಿಕೊಂಡು, ಪೂಜೆ ಮುಗಿಯುವ ಹೊತ್ತಿಗೆ ಸಭೆಯ ಕೋಣೆಗೆ ಬಂದಳು.

ಮೇಜಿನ ಮೇಲೆ ಪ್ರೊಸ್ಪೇರ್ ಆಗಲೇ ತವರದ ಹೂಜಿ ಇಟ್ಟಿದ್ದ. ಅವಳು ಅದರ ಪಕ್ಕದಲ್ಲಿ ಕ್ಯಾನ್ ಇಟ್ಟಳು. ಎಲ್ಲರಿಗಿಂತ ಹಿರಿಯ ಬಾರ್ತೆಲೆಮಿ ಅಜ್ಜ ಕಣ್ಣು ಕಾಣದಿದ್ದರೂ ಸದ್ದಿನಿಂದಲೇ ತಿಳಿದ.

"ಅದೇನೇ ಇಟ್ಟಿದ್ದು?"

"ನೀರು ಅಜ್ಜ. ತೊರಾಂದು."

"ನೀರು ಪ್ರೊಸ್ಪೇರ್ ತಂದಿದಾನಲ್ಲೇ."

"ಅವನದ್ದೂ ಕುಡೀರಿ. ನಂದೂ ಕುಡೀರಿ. ಯಾವ್ದು ತೊರಾಂದು ಅಂತ ನೀವೇ ಹೇಳಿ."

ಪ್ರೊಸ್ಪೇರ್ ಮುಖ ಕೆಂಪಾಯಿತು. "ಸೈಕಲ್ ಹತ್ತಿ ತಲೆ ಕೆಟ್ಟಿದೆ ಇವಳಿಗೆ. ಯಾವ ಚರಂಡೀಲಿ ಹಿಡ್ಕೊಂಡು ಬಂದ್ಲೋ."

"ನಮ್ಮಪ್ಪನ ಕಾಲದಲ್ಲೂ ಒಂದ್ಸಲ ಎರಡು ನೀರು ಬಂದಿತ್ತು," ಎಂದ ಅಜ್ಜ. "ಎರಡನ್ನೂ ಕುಡಿದೇ ತೀರ್ಮಾನ ಮಾಡಿದ್ರು. ಸುರೀರಿ."

ಮೊದಲು ಹೂಜಿಯದು. ಬಟ್ಟಲು ಸುತ್ತು ಬಂತು. ತಿಳಿ ನೀರು. ಎಲ್ಲರೂ ಗುಟುಕರಿಸಿ ಮುಂದಕ್ಕೆ ದಾಟಿಸಿದರು. ಆಮೇಲೆ ಕ್ಯಾನಿನದು. ಮೊದಲು ಕುಡಿದವನು ಉಗಿದೇಬಿಟ್ಟ. ಎರಡನೆಯವಳು ಕರವಸ್ತ್ರದಿಂದ ನಾಲಿಗೆ ಉಜ್ಜಿಕೊಂಡಳು. ಯಾರೋ, "ಛೀ, ಇದೇನು ಗ್ಯಾರೇಜಿನ ನೀರು," ಎಂದರು. ಪ್ರೊಸ್ಪೇರ್ ಕುರ್ಚಿಗೆ ಒರಗಿ ಕಾಲ ಮೇಲೆ ಕಾಲು ಹಾಕಿದ. ಬಾರ್ತೆಲೆಮಿ ಅಜ್ಜ ಬಟ್ಟಲು ತುಟಿಗಿಟ್ಟು, ಬಾಯಿ ತುಂಬ ತೆಗೆದುಕೊಂಡು, ಬಹಳ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದ. ಅವನ ಮುಖ ಕಿವುಚಿಕೊಂಡಿತು.

"ಲಾರ್ಚ್ ಮರದ ಒಗರು ಇದೆ," ಎಂದ. "ಕಲ್ಲಿನ ತಂಪಿದೆ. ಇದೇ ತೊರಾಂ ನೀರು. ಇದರ ಮೇಲೆ ಯಾರೋ ಎಣ್ಣೆ, ಸೋಪು ಸುರಿದಿದಾರೆ."

"ಹಾಗಾದ್ರೆ ಹೂಜೀದು?" ಎಂದು ಯಾರೋ ಕೇಳಿದರು.

"ಅದು ನಮ್ಮನೆ ಬಚ್ಚಲ ನಲ್ಲೀಲಿ ಬರುತ್ತೆ. ಹೋದ ವರ್ಷಾನೂ ಅದೇ ಬಂದಿತ್ತು. ನನ್ನ ನಾಲಿಗೆ ಸತ್ತಿದೆ ಅಂದ್ಕೊಂಡಿದ್ದೆ."

ನನಗೂ ಹಾಗೇ ಅನಿಸಿತ್ತು, ನನಗೂ, ಎಂದು ಒಬ್ಬೊಬ್ಬರಾಗಿ ಗೊಣಗಿದರು. ಸೆಲೆಸ್ಟೀನ್ ಎದ್ದು ನಿಂತು, ತಾನು ಕಂಡದ್ದನ್ನೆಲ್ಲ ಹೇಳಿದಳು. ಕಸೂತಿ ಅಂಗಿ, ಕಾರ್ಖಾನೆಯ ಚೀಸ್, ಬ್ರಶ್ಶು, ಒಪ್ಪಂದ. ತೋಳ ತಿಂದ ಅಜ್ಜನ ಕಥೆಗೆ ಮಾತ್ರ ಒಂದಿಬ್ಬರು ನಕ್ಕರು. ಬಾಗಿಲ ಬಳಿ ತೀರ್ಮಾನಕ್ಕೆ ಕಾಯುತ್ತಿದ್ದ ಯಾನಿಕ್ ಶೂ ನೋಡುತ್ತ ನಿಂತ.

ಪ್ರೊಸ್ಪೇರ್ ಅವಳನ್ನೇ ದಿಟ್ಟಿಸಿದ. "ಆ ಕೆಸರು ಮೆತ್ಕೊಂಡಿದ್ದ ಮದಾಮ್ ನೀನಾ?"

"ನಾನೇ. ತಾವು ಅಂದ್ಯಲ್ಲೋ ನಂಗೆ."

"ಹಾಗಿದ್ರೆ ನಿನ್ನ ಸೈಕಲ್ಲೂ ಅದೇ ತೊಟ್ಟೀಲಿ ತೊಳೆದಿದ್ದು. ನಾನು ನೋಡಿದೀನಿ. ದೊಡ್ಡ ಸಾಚಾ ಇವಳು."

ಎಲ್ಲರೂ ಅವಳ ಕಡೆ ತಿರುಗಿದರು. ಅದನ್ನು ಅವಳು ಹೇಳಿರಲಿಲ್ಲ.

"ತೊಳೆದಿದ್ದು ಹೌದು," ಎಂದಳು. "ನಿಂತು ನೋಡಿದೆ. ಬಾಯಿ ಬಿಡ್ಲಿಲ್ಲ."

ಅವಳು ಕ್ಯಾನನ್ನು ಬಗ್ಗಿಸಿ ಬಟ್ಟಲಿನ ಕಂಠದವರೆಗೆ ಸುರಿದಳು. ಅಲ್ಲಿ ಎಲ್ಲರೂ ಕುಡಿದದ್ದು ಒಂದೊಂದು ಗುಟುಕು. ಅವಳು ಪೂರ್ತಿ ಬಟ್ಟಲನ್ನು ಎತ್ತಿ, ನಿಲ್ಲಿಸದೆ, ಗಂಟಲು ಎದ್ದೆದ್ದು ಬರುತ್ತಿದ್ದರೂ ಕೊನೆಯ ಹನಿಯವರೆಗೆ ಕುಡಿದಳು. ತುಟಿಯ ಮೇಲೆ ಎಣ್ಣೆಯ ಜಿಡ್ಡು ಹೊಳೆಯಿತು. ಒರೆಸಿಕೊಳ್ಳಲಿಲ್ಲ. ಮತ್ತೊಮ್ಮೆ ಬಟ್ಟಲು ತುಂಬಿಸಿ ಪ್ರೊಸ್ಪೇರ್ ಮುಂದೆ ಇಟ್ಟಳು.

"ಈಗ ನೀನು."

ಪ್ರೊಸ್ಪೇರ್ ಬಟ್ಟಲು ಹಿಡಿದ. ಮೂಗಿನ ಹತ್ತಿರ ತಂದ. ಆಮೇಲೆ ಅದನ್ನು ಹಾಗೇ ಕೆಳಗಿಟ್ಟು, ಟೋಪಿ ಎತ್ತಿಕೊಂಡು, ಯಾನಿಕ್‌ನನ್ನು ಹೆಗಲಿನಿಂದ ತಳ್ಳಿ ಹೊರಗೆ ಹೋದ.

"ದಾರಿ ವಿಷಯ ಉಳೀತು," ಎಂದ ಬಾರ್ತೆಲೆಮಿ ಅಜ್ಜ. "ಸೆಲೆಸ್ಟೀನ್, ನೀನು ಹೋಗಿ ಬಂದೋಳು. ಹೇಗಿತ್ತೇ?"

ಯಾನಿಕ್ ತಲೆ ಎತ್ತಿದ. ಅವಳು ಅವನನ್ನೇ ನೋಡಿ ಹೇಳಿದಳು: "ಇಳಿಯೋದು ತುಂಬ ಚೆನ್ನಾಗಿದೆ ಅಜ್ಜ. ನನ್ನ ಜೀವಮಾನದಲ್ಲಿ ಅಷ್ಟು ಖುಷಿ ಆಗಿರ್ಲಿಲ್ಲ. ಆ ಖುಷೀಲಿ ನಂಗೆ ನನ್ನ ಬರೋನೇ ಕಾಣ್ಲಿಲ್ಲ. ನಂಗೇ ಕಾಣ್ದಿದ್ರೆ ಹಲ್ಲಿನ ಡಾಕ್ಟ್ರಿಗೆ ಏನು ಕಾಣುತ್ತೆ? ಬೇಡ."

ಕೈಗಳನ್ನು ಎಣಿಸುವ ಅಗತ್ಯವೇ ಬೀಳಲಿಲ್ಲ. ವೈನ್ ತೆಗೆಯೋಣವೇ ಎಂದು ಯಾರೋ ಕೇಳಿದರು. ಬಾಯಿಯ ರುಚಿ ಕಳೆಯಲು ಎಲ್ಲರಿಗೂ ಅವಸರವಿತ್ತು. ಆಗ ಬಾರ್ತೆಲೆಮಿ ಅಜ್ಜ ಮೇಜಿನ ಮೇಲೆ ತಡಕಾಡಿ, ತವರದ ಹೂಜಿಯನ್ನು ಹುಡುಕಿ, ನಲ್ಲಿ ನೀರನ್ನು ನೆಲಕ್ಕೆ ಚೆಲ್ಲಿ, ಖಾಲಿ ಹೂಜಿಯನ್ನು ಸೆಲೆಸ್ಟೀನಳ ಕಡೆಗೆ ದೂಡಿದ.

"ಇದೇನಜ್ಜ?"

"ನೀರು ತಂದೋರೇ ಯಜಮಾನ್ರು. ಬೇರೆ ಯಾರಾದ್ರೂ ತಂದಿದಾರಾ?"

ಅವಳು ಸುತ್ತ ನೋಡಿದಳು. ಹುಲ್ಲು ಕೊಯ್ಯುವ ಕಾಲದಲ್ಲಿ ಮೇಲೆ ಹೋಗಿ ಕೂರುವ ಮನಸ್ಸು ಯಾರಿಗೂ ಇರಲಿಲ್ಲ. ಎಲ್ಲರೂ ತಮ್ಮ ತಮ್ಮ ಖಾಲಿ ಲೋಟದೊಳಗೆ ನೋಡುತ್ತಿದ್ದರು. ಪ್ರೊಸ್ಪೇರ್‌ನ ಮಾನ ತೆಗೆಯುವುದಷ್ಟೇ ಅವಳ ತಲೆಯಲ್ಲಿದ್ದದ್ದು. ಅದರಾಚೆಗೆ ಏನಿದೆಯೆಂದು ಅವಳು ಯೋಚಿಸಿರಲೇ ಇಲ್ಲ. "ನನ್ನ ಮಂಡಿ ನೋಡಿದೀರಾ ನೀವು," ಎಂದಳು. ಯಾರೂ ನೋಡಲಿಲ್ಲ. ಅವಳು ಹೂಜಿಯನ್ನು ಕಂಕುಳಲ್ಲಿ ಇರುಕಿಕೊಂಡು, ಎಲ್ಲರನ್ನೂ ಒಟ್ಟಿಗೆ ಬೈಯುತ್ತ ಮನೆಗೆ ಹೋದಳು.

ಸೋಮವಾರ ಅವಳು ತೊರಾಂನಲ್ಲಿ ಹಸಿರು ಬಾಟಲಿಯನ್ನು ಕಲ್ಲಿಗೆ ಬಡಿದು ಒಡೆದಳು. ಮೊದಲ ತೊಟ್ಟಿಯ ಬೆಣೆ ಕಿತ್ತು ನೀರು ಬಿಟ್ಟಳು. ಒಳಗಿಳಿದು, ಮಂಡಿಯೂರಿ, ಮರಳು ಬೂದಿ ಹಾಕಿ ಉಜ್ಜಿದಳು. ಜಿಡ್ಡು ಕಪ್ಪು ಸುರುಳಿಯಾಗಿ ಎದ್ದು ಉಗುರಿನೊಳಗೆ ಹೋಯಿತು, ಕೂದಲಿಗೆ ಹತ್ತಿತು. ಅದರಲ್ಲಿ ಯಾವುದು ದಂತವೈದ್ಯನ ಸರಪಳಿಯದು, ಯಾವುದು ತನ್ನದು ಎಂದು ತಿಳಿಯುವಂತಿರಲಿಲ್ಲ. ಸಂಜೆಯ ಹೊತ್ತಿಗೆ ಎರಡನೆಯದನ್ನೂ ಮುಗಿಸಿ, ಬೆಣೆ ಬಡಿದು, ನೀರು ತುಂಬಲು ಬಿಟ್ಟು, ಬೆನ್ನು ನೇರ ಮಾಡಲಾಗದೆ ಕಲ್ಲಿನ ಮೇಲೆ ಕೂತಳು.

ಹಸುಗಳು ಇಳಿದು ಬಂದವು. ಮುಂದೆ ಬರೋನ್. ಅವಳು ಸೆಲೆಸ್ಟೀನಳ ಹೆಗಲನ್ನು ಮೂಸಿದಳು, ಗುರುತಿಸಿದಳು, ಕೆನ್ನೆ ನೆಕ್ಕಿದಳು. ಆಮೇಲೆ ಎರಡನೆಯ ತೊಟ್ಟಿಗೆ ಮೂತಿ ಇಳಿಸಿ ಒಂದು ಸಲ ಉಸಿರೆಳೆದು, ಕುಡಿಯದೆ ತಲೆ ಎತ್ತಿ ಅವಳನ್ನು ನೋಡಿದಳು.

"ಇನ್ನೂ ವಾಸನೆ ಇದೆ ಅಂತೀಯಾ? ಆಯ್ತು ಮಾರಾಯ್ತಿ," ಎಂದು ಸೆಲೆಸ್ಟೀನ್ ಎದ್ದಳು. ಎರಡರ ಬೆಣೆಯನ್ನೂ ಕಿತ್ತಳು. ಬ್ರಶ್ಶು ತೆಗೆದುಕೊಂಡು ಮತ್ತೆ ಮೊದಲ ತೊಟ್ಟಿಯೊಳಗೆ ಇಳಿದಳು.